ಕೊರೋನಾ ಪರಿಹಾರ ಯಾರ ಕೈ ಸೇರಿತು? ಅಯೋವಾದ ಒಂದು ಕೌಂಟಿಯ ಲೆಕ್ಕ

ಅಮೆರಿಕದ ಅಯೋವಾ ರಾಜ್ಯದಲ್ಲಿ ಒಂದು ಹಳ್ಳಿ ರಸ್ತೆ ಅಂದುಕೊಳ್ಳಿ. ರಸ್ತೆಯ ಆ ಕಡೆ ಒಂದು ಹಂದಿ ಶೆಡ್, ಈ ಕಡೆ ಇನ್ನೊಂದು. ಎರಡರಲ್ಲೂ 2,400 ಹಂದಿ. ಎರಡನ್ನೂ ಹಗಲು ರಾತ್ರಿ ನೋಡಿಕೊಳ್ಳುವುದು ಒಂದೊಂದು ರೈತ ಕುಟುಂಬ. 2020ರ ಏಪ್ರಿಲ್‌ನಲ್ಲಿ ಎರಡೂ ಶೆಡ್‌ನ ಹಂದಿಗಳನ್ನು ಕೇಳುವವರಿಲ್ಲ. ಆ ಬೇಸಿಗೆಯಲ್ಲಿ ಸರ್ಕಾರ ಕೊಟ್ಟ ಕೊರೋನಾ ಪರಿಹಾರದಲ್ಲಿ ಒಂದು ಮನೆಗೆ 40,800 ಡಾಲರ್ ಬರುತ್ತದೆ. ಎದುರು ಮನೆಗೆ ಒಂದು ಡಾಲರೂ ಬರುವುದಿಲ್ಲ. ಯಾರೂ ಮೋಸ ಮಾಡಿಲ್ಲ, ಯಾರೂ ಫೈಲು ತಡೆದಿಟ್ಟಿಲ್ಲ. ನಿಯಮವೇ ಹಾಗಿತ್ತು.

ಈ ಎರಡು ಶೆಡ್ ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ಉದಾಹರಣೆ. ಆದರೆ ಇದರ ಹಿಂದಿನ ದರ, ತಾರೀಕು, ನಿಯಮ ಎಲ್ಲವೂ ನಿಜ. ಆ ನಿಯಮ ಎಲ್ಲಿಂದ ಬಂತು, ಹೇಗೆ ಕೆಲಸ ಮಾಡಿತು ಅಂತ ತಿಳಿದರೆ, ರೈತರಿಗೆ ಪರಿಹಾರ ಅಂತ ಸರ್ಕಾರ ದುಡ್ಡು ತೆಗೆದಿಟ್ಟಾಗ ಅದು ಯಾಕೆ ಕೆಲವರ ಕೈಗೆ ಜಾಸ್ತಿ, ಕೆಲವರಿಗೆ ಏನೂ ಇಲ್ಲ ಅನ್ನುವುದು ಅರ್ಥವಾಗುತ್ತದೆ.

ಮೊದಲು ಜಾಗ. ಅಯೋವಾ ರಾಜ್ಯದಲ್ಲಿ 99 ಕೌಂಟಿಗಳಿವೆ. ಕೌಂಟಿ ಅಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ. ವಾಯುವ್ಯ ಮೂಲೆಯಲ್ಲಿ, ಸೌತ್ ಡಕೋಟಾ ಗಡಿಗೆ ಅಂಟಿಕೊಂಡಂತೆ, ಸೂ ಕೌಂಟಿ ಇದೆ. ಜನಸಂಖ್ಯೆ ಸುಮಾರು 36 ಸಾವಿರ. ಹಂದಿಗಳು ಮಾತ್ರ 10 ಲಕ್ಷಕ್ಕೂ ಜಾಸ್ತಿ. ಇಡೀ ಅಯೋವಾದಲ್ಲೇ ಅತಿ ಹೆಚ್ಚು ಹಂದಿ ಸಾಕುವ ಕೌಂಟಿಗಳಲ್ಲಿ ಇದೂ ಒಂದು. ಜೊತೆಗೆ ಮಾಂಸದ ದನ, ಹೈನುಗಾರಿಕೆ, ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ ಮತ್ತು ಸೋಯಾ. ಹಿಂದೆ ನೆದರ್‌ಲ್ಯಾಂಡ್ಸ್‌ನಿಂದ ವಲಸೆ ಬಂದವರು ನೆಲೆಸಿದ ಊರುಗಳು. ಕೌಂಟಿಯ ಕೇಂದ್ರ ಆರೆಂಜ್ ಸಿಟಿ.

2020ರ ವಸಂತದಲ್ಲಿ ಇಲ್ಲಿ ಹಂದಿಗೆ ರೋಗ ಬರಲಿಲ್ಲ, ಬೆಳೆ ಕೈಕೊಡಲಿಲ್ಲ. ಹಂದಿ ಕಡಿಯುವ ಕಾರ್ಖಾನೆಗಳು ನಿಂತವು. ಗಡಿಯಾಚೆಯ ಸೂ ಫಾಲ್ಸ್ ನಗರದಲ್ಲಿರುವ ಸ್ಮಿತ್‌ಫೀಲ್ಡ್ ಕಾರ್ಖಾನೆ ಏಪ್ರಿಲ್ 12ರಂದು ಅನಿರ್ದಿಷ್ಟ ಕಾಲ ಮುಚ್ಚುವುದಾಗಿ ಹೇಳಿತು. ಅಲ್ಲಿ ಸುಮಾರು 3,700 ಜನ ಕೆಲಸಗಾರರು, ಅವರಲ್ಲಿ ನೂರಾರು ಜನರಿಗೆ ಸೋಂಕು. ಅಮೆರಿಕದ ಒಟ್ಟು ಹಂದಿ ಮಾಂಸದಲ್ಲಿ ಶೇ 4ರಿಂದ 5 ಅದೊಂದೇ ಕಾರ್ಖಾನೆಯದು. ಏಪ್ರಿಲ್ 20ಕ್ಕೆ ಮಿನ್ನೆಸೋಟದ ವರ್ದಿಂಗ್‌ಟನ್ ಕಾರ್ಖಾನೆ ನಿಂತಿತು. ಎರಡೇ ದಿನದಲ್ಲಿ ಅಯೋವಾದ ವಾಟರ್‌ಲೂ ಕಾರ್ಖಾನೆಯೂ ನಿಂತಿತು. ಮೇ ತಿಂಗಳ ಹೊತ್ತಿಗೆ ದೇಶದಲ್ಲಿ ಹಂದಿ ಕಡಿಯುವ ಸಾಮರ್ಥ್ಯದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಲ್ಲವಾಗಿತ್ತು.

ಕಾರ್ಖಾನೆ ನಿಂತರೂ ಹಂದಿ ಬೆಳೆಯುವುದು ನಿಲ್ಲುವುದಿಲ್ಲ, ಅಲ್ವಾ? ಹುಟ್ಟಿದ ಆರು ತಿಂಗಳಿಗೆ ಅದು ಸುಮಾರು 125 ಕಿಲೋ ಆಗಿ ಮಾರಾಟಕ್ಕೆ ಬರುತ್ತದೆ. ಅದರ ಹಿಂದೆಯೇ ಮುಂದಿನ ತಂಡ ಶೆಡ್ ಖಾಲಿಯಾಗಲಿ ಅಂತ ಕಾಯುತ್ತಿರುತ್ತದೆ. ಹಂದಿ ತುಂಬಾ ದಪ್ಪವಾದರೆ ಕಾರ್ಖಾನೆಯ ಯಂತ್ರಕ್ಕೆ ಹೊಂದುವುದಿಲ್ಲ. ಅದಕ್ಕೇ ರೈತರು ಮೇವಿನಲ್ಲಿ ಸತ್ವ ಕಡಿಮೆ ಮಾಡಿದರು. ಶೆಡ್‌ನಲ್ಲಿ ಬಿಸಿ ಏರಿಸಿದರು, ಸೆಕೆಗೆ ಹಂದಿ ಕಡಿಮೆ ತಿನ್ನಲಿ ಅಂತ. ಅದೂ ಸಾಲದೆ ಕೊನೆಗೆ ಎಷ್ಟೋ ಕಡೆ ಆರೋಗ್ಯವಾಗಿದ್ದ ಹಂದಿಗಳನ್ನು ಕೊಂದು ಹೂಳಬೇಕಾಯಿತು. ಹೀಗೆ ಕೊಂದ ಹಂದಿಗಳ ವಿಲೇವಾರಿಗೆ ಅಯೋವಾ ರಾಜ್ಯ ಸರ್ಕಾರ ತಲಾ 40 ಡಾಲರ್ ಕೊಟ್ಟಿತು. ಸಾಕಿದವರೇ ಕೊಲ್ಲಬೇಕಾಗಿ ಬಂದದ್ದು ಎಂಥ ನೋವು ಅನ್ನುವುದು ಯಾವ ದರಪಟ್ಟಿಗೂ ಸಿಗುವುದಿಲ್ಲ.

ಮೆಕ್ಕೆಜೋಳದ ಪೆಟ್ಟು ಬೇರೆ ದಾರಿಯಲ್ಲಿ ಬಂತು. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ಹೋಗುತ್ತದೆ. ಲಾಕ್‌ಡೌನ್‌ನಲ್ಲಿ ಕಾರು ಓಡಲಿಲ್ಲ, ಪೆಟ್ರೋಲ್ ಖರ್ಚಾಗಲಿಲ್ಲ, ಎಥೆನಾಲ್ ಘಟಕಗಳು ಬಾಗಿಲು ಹಾಕಿದವು, ಜೋಳದ ಬೆಲೆ ಕುಸಿಯಿತು. ಶಾಲೆ, ಹೋಟೆಲ್ ಮುಚ್ಚಿದ್ದರಿಂದ ಹಾಲಿಗೂ ಅದೇ ಗತಿ. ಕೆಲವು ಕಡೆ ಹಾಲನ್ನು ಹೊಲಕ್ಕೆ ಚೆಲ್ಲಿದರು.

ಈಗ ದುಡ್ಡಿನ ವಿಷಯ. 2020ರ ಏಪ್ರಿಲ್ 17ರಂದು ಕೃಷಿ ಸಚಿವ ಸೋನಿ ಪರ್ಡ್ಯೂ 1,900 ಕೋಟಿ ಡಾಲರ್‌ನ ಯೋಜನೆ ಪ್ರಕಟಿಸಿದರು. ಇದರಲ್ಲಿ 300 ಕೋಟಿ ಡಾಲರ್ ಆಹಾರ ಖರೀದಿಸಿ ಬಡವರಿಗೆ ಹಂಚಲು. ಉಳಿದ 1,600 ಕೋಟಿ ಡಾಲರ್ ನೇರವಾಗಿ ರೈತರ ಖಾತೆಗೆ. ಯೋಜನೆಯ ಹೆಸರು ಕೊರೋನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ. ರೈತರ ಬಾಯಲ್ಲಿ ಅದು ಸಿ-ಫ್ಯಾಪ್.

1,600 ಕೋಟಿ ಒಂದೇ ಕಡೆಯಿಂದ ಬಂದದ್ದಲ್ಲ. 950 ಕೋಟಿ ಡಾಲರ್ ಮಾರ್ಚ್‌ನಲ್ಲಿ ಸಂಸತ್ತು ಪಾಸು ಮಾಡಿದ, ಕೊರೋನಾ ನೆರವಿನ ಕೇರ್ಸ್ ಕಾಯ್ದೆಯದು. 650 ಕೋಟಿ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್‌ ಅನ್ನುವ ಸಂಸ್ಥೆಯದು. ಇದು 1933ರಲ್ಲಿ, ಆರ್ಥಿಕ ಮಹಾ ಕುಸಿತದ ಕಾಲದಲ್ಲಿ ಹುಟ್ಟಿದ್ದು. ಖಜಾನೆಯಿಂದ 3,000 ಕೋಟಿ ಡಾಲರ್‌ವರೆಗೆ ಸಾಲ ಎತ್ತುವ ಅಧಿಕಾರ ಇದಕ್ಕಿದೆ. ಕೃಷಿ ಸಚಿವರು ಪ್ರತಿ ಸಲ ಸಂಸತ್ತಿನ ಮುಂದೆ ಹೋಗದೆಯೇ ಇದರಿಂದ ಖರ್ಚು ಮಾಡಬಹುದು. 2018 ಮತ್ತು 2019ರಲ್ಲಿ ಚೀನಾ ಜೊತೆಗಿನ ಸುಂಕದ ಜಗಳದಿಂದ ರೈತರಿಗೆ ಆದ ನಷ್ಟಕ್ಕೂ ಇದೇ ಸಂಸ್ಥೆಯ ದುಡ್ಡು ಹರಿದಿತ್ತು. ಹಾಗಾಗಿ ಕೊರೋನಾ ಬಂದಾಗ ದಾರಿ ಗೊತ್ತಿತ್ತು, ಕಚೇರಿಗಳು ಇದ್ದವು, ರೈತರ ಬ್ಯಾಂಕ್ ಖಾತೆಯ ವಿವರವೂ ಕೈಯಲ್ಲಿತ್ತು.

ಎರಡು ಕಡೆಯ ದುಡ್ಡು ಅನ್ನುವುದು ಬರೀ ಲೆಕ್ಕಪತ್ರದ ವಿಷಯ ಅನ್ನಿಸಬಹುದು. ಆದರೆ ರೈತರಿಗೆ ಸಿಕ್ಕ ದರ ನಿಂತದ್ದೇ ಅದರ ಮೇಲೆ. ಏಪ್ರಿಲ್ 15ರವರೆಗೆ ಆದ ನಷ್ಟಕ್ಕೆ ಕೇರ್ಸ್ ಕಾಯ್ದೆಯ ದುಡ್ಡು, ಆಮೇಲಿನದಕ್ಕೆ ಕಾರ್ಪೊರೇಷನ್ನಿನ ದುಡ್ಡು ಅಂತ ಗೆರೆ ಎಳೆದರು. ಜನವರಿ 15ರಿಂದ ಏಪ್ರಿಲ್ 15ರ ನಡುವೆ 120 ಪೌಂಡ್‌ಗಿಂತ ಜಾಸ್ತಿ ತೂಕದ ಹಂದಿ ಮಾರಿದ್ದರೆ ತಲಾ 18 ಡಾಲರ್, ಅದಕ್ಕಿಂತ ಸಣ್ಣದಾದರೆ 28 ಡಾಲರ್. ಏಪ್ರಿಲ್ 16ರಿಂದ ಮೇ 14ರ ನಡುವೆ ಶೆಡ್‌ನಲ್ಲಿದ್ದ ಹಂದಿಗೆ ತಲಾ 17 ಡಾಲರ್. ದನಕ್ಕೆ ವ್ಯತ್ಯಾಸ ಇನ್ನೂ ದೊಡ್ಡದು. ಕೊಬ್ಬಿಸಿದ ದನವನ್ನು ಏಪ್ರಿಲ್ 15ರೊಳಗೆ ಮಾರಿದವರಿಗೆ ತಲಾ 214 ಡಾಲರ್, ಮಾರದೆ ಉಳಿದು ಏಪ್ರಿಲ್ 16ರ ನಂತರವೂ ಕೊಟ್ಟಿಗೆಯಲ್ಲಿದ್ದ ದನಕ್ಕೆ 33 ಡಾಲರ್. ಕಾರ್ಖಾನೆಗಳು ಮುಚ್ಚಿದ ಅತಿ ಕೆಟ್ಟ ವಾರಗಳು ಬಂದದ್ದು ಏಪ್ರಿಲ್ 15ರ ಮೇಲೆ. ಅಂದರೆ ಪೆಟ್ಟು ಜೋರಾಗಿ ಬಿದ್ದ ಹೊತ್ತಿಗೆ ದರ ಕಮ್ಮಿ. ಈ ಗೆರೆ ತಪ್ಪು ಅಂತಲೇ ನನ್ನ ಅಭಿಪ್ರಾಯ. ಎರಡು ಮೂಲದ ದುಡ್ಡನ್ನು ಬೇರೆಬೇರೆ ಇಡುವ ಅನುಕೂಲಕ್ಕೆ ರೈತರ ನಷ್ಟವನ್ನು ಎರಡು ತುಂಡು ಮಾಡಿದ ಹಾಗಾಯಿತು.

ಯಾವ ಬೆಳೆಗೆ ಪರಿಹಾರ ಅನ್ನುವುದಕ್ಕೂ ಒಂದು ಅಳತೆ ಇತ್ತು. ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬೆಲೆ ಶೇ 5ರಷ್ಟಾದರೂ ಬಿದ್ದಿರಬೇಕು. ಮೆಕ್ಕೆಜೋಳ, ಸೋಯಾ, ಹಂದಿ, ದನ, ಹಾಲು ಎಲ್ಲ ಪಾಸಾದವು. ಚಳಿಗಾಲದ ಗೋಧಿ ಫೇಲಾಯಿತು.

ಮೆಕ್ಕೆಜೋಳದ ಲೆಕ್ಕ ನೋಡೋಣ. ಒಬ್ಬ ರೈತರಿಗೆ 500 ಎಕರೆ, ಎಕರೆಗೆ 200 ಬುಷೆಲ್ ಅಂತಿಟ್ಟುಕೊಳ್ಳಿ. ಒಂದು ಬುಷೆಲ್ ಜೋಳ ಅಂದರೆ 25 ಕಿಲೋ ಚಿಲ್ಲರೆ. 2019ರಲ್ಲಿ ಒಟ್ಟು ಬೆಳೆ 1 ಲಕ್ಷ ಬುಷೆಲ್. ಅದರ ಅರ್ಧ 50,000. ಈಗ ಇನ್ನೊಂದು ಪ್ರಶ್ನೆ: 2020ರ ಜನವರಿ 15ರಂದು ಅವರ ಕಣಜದಲ್ಲಿ, ಬೆಲೆ ಇನ್ನೂ ಗೊತ್ತುಮಾಡದೆ ಇಟ್ಟಿದ್ದ ಜೋಳ ಎಷ್ಟು? 30,000 ಬುಷೆಲ್ ಅನ್ನೋಣ. ಈ ಎರಡರಲ್ಲಿ ಯಾವುದು ಕಮ್ಮಿಯೋ ಅದಕ್ಕೆ ಮಾತ್ರ ಪರಿಹಾರ. ಅದರ ಅರ್ಧಕ್ಕೆ ಬುಷೆಲ್‌ಗೆ 32 ಸೆಂಟ್, ಇನ್ನರ್ಧಕ್ಕೆ 35 ಸೆಂಟ್. ಒಟ್ಟು 10,050 ಡಾಲರ್.

ಪಕ್ಕದ ಹೊಲದವರೂ ಅಷ್ಟೇ ಬೆಳೆದಿದ್ದರು. ಆದರೆ ಸಾಲ ತೀರಿಸಲು ಅಕ್ಟೋಬರ್‌ನಲ್ಲೇ ಎಲ್ಲವನ್ನೂ ಮಾರಿದ್ದರು. ಅವರ ಕಣಜ ಜನವರಿ 15ಕ್ಕೆ ಖಾಲಿ, ಪರಿಹಾರವೂ ಸೊನ್ನೆ. ಒಂದು ರೀತಿಯಲ್ಲಿ ಇದು ಸರಿಯೇ. ಬೆಲೆ ಬೀಳುವ ಮುಂಚೆ ಮಾರಿದವರಿಗೆ ಬೆಲೆ ಕುಸಿತದ ನಷ್ಟ ಆಗಿಲ್ಲ. ಆದರೆ ಜೋಳ ಇಟ್ಟುಕೊಂಡು ಕಾಯುವುದಕ್ಕೆ ಕಣಜ ಬೇಕು, ಕಾಯುವ ತಾಕತ್ತೂ ಬೇಕು. ಅದು ಇರುವುದು ಯಾರ ಹತ್ತಿರ ಅನ್ನುವುದು ಊರಿನವರಿಗೆಲ್ಲ ಗೊತ್ತಿರುವ ವಿಷಯ.

ಅದೇ 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವೂ ಮೆಕ್ಕೆಜೋಳ ಬೆಳೆದವರಿಗೆ ಪರಿಹಾರ ಘೋಷಿಸಿತ್ತು: ಸುಮಾರು 10 ಲಕ್ಷ ರೈತರಿಗೆ ತಲಾ 5,000 ರೂಪಾಯಿ. ಎಷ್ಟು ಕ್ವಿಂಟಲ್ ಬೆಳೆದಿರಿ, ಎಷ್ಟು ಮನೆಯಲ್ಲಿದೆ ಅನ್ನುವ ಪ್ರಶ್ನೆ ಇಲ್ಲ. ಮೊತ್ತ ಸಣ್ಣದು, ಆದರೆ ಲೆಕ್ಕ ತಲೆಗೆ ಇಷ್ಟು ಅಂತ. ಅಮೆರಿಕದಲ್ಲಿ ಲೆಕ್ಕ ಬುಷೆಲ್‌ಗೆ ಇಷ್ಟು, ಹಂದಿಗೆ ಇಷ್ಟು ಅಂತ. ಬೆಳೆ ಒಂದೇ, ಆದರೆ ದುಡ್ಡು ಹಂಚಿಕೆಯಾಗುವ ರೀತಿ ಪೂರ್ತಿ ಬೇರೆ.

ಈಗ ಆ ಎರಡು ಶೆಡ್‌ಗಳಿಗೆ ಬರೋಣ. ಮೊದಲ ಶೆಡ್‌ನ ಕುಟುಂಬದ್ದೇ ಹಂದಿ, ಅವರದೇ ಮೇವು. 2,400 ಹಂದಿಗೆ ತಲಾ 17ರಂತೆ 40,800 ಡಾಲರ್. ಮೊದಲು ಅದರ ಶೇ 80 ಬಂತು, ಉಳಿದ ಶೇ 20 ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಎರಡನೇ ಶೆಡ್ ಕಾಂಟ್ರಾಕ್ಟ್ ಸಾಕಣೆಯದು. ನಮ್ಮ ಕಡೆ ಕಂಪನಿ ಕೋಳಿ ಸಾಕುವವರನ್ನು ನೋಡಿದ್ದೀರಲ್ಲ, ಥೇಟ್ ಹಾಗೇ. ಮರಿ, ಫೀಡ್, ಔಷಧಿ ಎಲ್ಲ ಕಂಪನಿಯದು. ಶೆಡ್, ನೀರು, ಕರೆಂಟು, ಬ್ಯಾಂಕ್ ಸಾಲ, ದುಡಿಮೆ ರೈತರದು. ಸಿಗುವುದು ಸಾಕಣೆ ಕೂಲಿ.

ನಿಯಮ ಏನು ಹೇಳಿತು ಅಂದರೆ, ಬೆಲೆಯ ಏರುಪೇರಿನ ಅಪಾಯ ಯಾರ ತಲೆ ಮೇಲಿದೆಯೋ ಅವರೇ ಅರ್ಹರು. ಹಂದಿಯ ಬೆಲೆ ಬಿದ್ದರೆ ನಷ್ಟ ಹಂದಿಯ ಒಡೆಯರಿಗೆ. ಆದ್ದರಿಂದ ಅರ್ಜಿ ಹಾಕುವ ಹಕ್ಕು ಹಂದಿಯ ಒಡೆಯರಿಗೆ ಮಾತ್ರ. ಶೆಡ್‌ನ ಒಡೆಯರು ಅರ್ಹರಲ್ಲ. ಬೆಲೆ ನಷ್ಟಕ್ಕೆ ಪರಿಹಾರ ಅನ್ನುವ ಮಾತಿಗೆ ಇದು ಸರಿಯಾಗಿ ಹೊಂದುತ್ತದೆ. ಎಷ್ಟೋ ಕಾಂಟ್ರಾಕ್ಟ್‌ಗಳಲ್ಲಿ ಶೆಡ್ ಬಾಡಿಗೆಯ ಹಾಗೆ ಹಣ ಬರುತ್ತಲೇ ಇತ್ತು, ಅದನ್ನೂ ಹೇಳಬೇಕು. ಆದರೆ ಮುಂದಿನ ತಂಡದ ಮರಿಗಳೇ ಬರದೆ ಶೆಡ್ ಖಾಲಿ ಬಿದ್ದವರ ಪಾಡೇನು? ಮರಿ ಬಂದಷ್ಟಕ್ಕೆ ಮಾತ್ರ ಕೂಲಿ ಸಿಗುವವರ ಪಾಡೇನು? ಅವರ ನಷ್ಟ ಬೆಲೆಯದಲ್ಲ, ಆದಾಯದ್ದು. ಆ ನಷ್ಟವನ್ನು ಬರೆಯಲು ಅರ್ಜಿಯಲ್ಲಿ ಜಾಗವೇ ಇರಲಿಲ್ಲ.

ಇಷ್ಟೆಲ್ಲ ಟೀಕೆಯ ನಡುವೆ ಒಂದು ವಿಷಯಕ್ಕೆ ಮನಸಾರೆ ಭೇಷ್ ಅನ್ನಬೇಕು. ಅದು ವೇಗ. ಅರ್ಜಿ ಶುರುವಾದದ್ದು ಮೇ 26ಕ್ಕೆ. ಅಂದರೆ ಘೋಷಣೆಯಾದ ಆರು ವಾರದೊಳಗೆ. ಇದು ಸಾಧ್ಯವಾದದ್ದು ಕೌಂಟಿ ಮಟ್ಟದ ಕಚೇರಿಗಳಿಂದ. ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿಗೆ ದೇಶದ ಹೆಚ್ಚಿನ ಕೃಷಿ ಕೌಂಟಿಗಳಲ್ಲಿ ಸಣ್ಣ ಕಚೇರಿ ಇದೆ. ಅದರ ಮೇಲೆ ಸ್ಥಳೀಯ ರೈತರೇ ಓಟು ಹಾಕಿ ಆರಿಸುವ ಸಮಿತಿ ಇರುತ್ತದೆ. ಯಾರ ಹೊಲ ಎಲ್ಲಿ, ಯಾವ ವರ್ಷ ಎಷ್ಟು ಎಕರೆ ಏನು ಬಿತ್ತಿದರು ಅನ್ನುವ ದಾಖಲೆ ಅಲ್ಲೇ ಇರುತ್ತದೆ.

ಸೋಂಕಿನ ಭಯದಿಂದ ಕಚೇರಿಯ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ಎಲ್ಲವೂ ಫೋನ್ ಮತ್ತು ಇಮೇಲ್‌ನಲ್ಲಿ. ಮುಖ್ಯ ಅರ್ಜಿ ಎಡಿ-3114. ಅದರ ಜೊತೆಗೆ ವಾರ್ಷಿಕ ಆದಾಯ 9 ಲಕ್ಷ ಡಾಲರ್ ಮೀರಿಲ್ಲ, ಮೀರಿದ್ದರೂ ಅದರ ಶೇ 75 ಕೃಷಿಯಿಂದಲೇ ಬಂದದ್ದು ಅಂತ ಒಂದು ಪ್ರಮಾಣಪತ್ರ. ಮಣ್ಣು ಕೊಚ್ಚಿಹೋಗುವ ಜಮೀನು ಮತ್ತು ಜೌಗು ನೆಲದ ನಿಯಮ ಪಾಲಿಸುತ್ತೇನೆ ಅಂತ ಇನ್ನೊಂದು. ಬ್ಯಾಂಕ್ ಖಾತೆಗೆ ಒಂದು ಫಾರಂ. ಹಳೆಯ ಯೋಜನೆಗಳಲ್ಲಿ ದುಡ್ಡು ಪಡೆದವರಿಗೆ ಇವೆಲ್ಲ ಆಗಲೇ ಕಡತದಲ್ಲಿದ್ದವು. ಸಂತೆಗೆ ತರಕಾರಿ ಮಾರುವ, ಈ ಕಚೇರಿಯ ಮೆಟ್ಟಿಲೇ ಹತ್ತದ ಸಣ್ಣ ಬೆಳೆಗಾರರಿಗೆ ಎಲ್ಲವೂ ಹೊಸದು.

ಹಂದಿ ಎಷ್ಟು, ಜೋಳ ಎಷ್ಟು ಅನ್ನುವುದಕ್ಕೆ ಅರ್ಜಿಯ ಹೊತ್ತಿನಲ್ಲಿ ಪುರಾವೆ ಕೇಳಲಿಲ್ಲ. ರೈತರು ಹೇಳಿದ ಸಂಖ್ಯೆ, ಕೆಳಗೆ ಸಹಿ. ದಾಖಲೆಗಳನ್ನು ಮೂರು ವರ್ಷ ಜೋಪಾನವಾಗಿಡಬೇಕು, ಕೇಳಿದಾಗ ತೋರಿಸಬೇಕು, ಅಷ್ಟೇ. ಶೆಡ್‌ನ ಹಂದಿಗಳ ಎಣಿಕೆಗೆ ಏಪ್ರಿಲ್ 16ರಿಂದ ಮೇ 14ರೊಳಗಿನ ಯಾವ ದಿನ ಅನ್ನುವುದನ್ನೂ ರೈತರೇ ಆರಿಸಬಹುದಿತ್ತು. ಅತಿ ಹೆಚ್ಚು ಹಂದಿ ಇದ್ದ ದಿನವನ್ನೇ ಎಲ್ಲರೂ ಆರಿಸುತ್ತಾರೆ, ಅದು ನಿಯಮಕ್ಕೆ ಒಪ್ಪಿತವೇ. ಈ ನಂಬಿಕೆಯಿಂದಲೇ ದುಡ್ಡು ಬೇಗ ತಲುಪಿತು. 2022ರಲ್ಲಿ ಸರ್ಕಾರದ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ ಈ ಪಾವತಿಗಳನ್ನು ಪರಿಶೀಲಿಸಿ, ತಪಾಸಣೆ ಇನ್ನೂ ಬಿಗಿಯಾಗಬೇಕಿತ್ತು ಅಂತ ಹೇಳಿತು.

ದೊಡ್ಡವರಿಗೆ ಮಿತಿ ಇರಲಿಲ್ಲವೇ? ಇತ್ತು. ಒಬ್ಬರಿಗೆ ಗರಿಷ್ಠ 2.5 ಲಕ್ಷ ಡಾಲರ್. ಕಂಪನಿಯಾಗಿ ನೋಂದಾಯಿಸಿಕೊಂಡಿದ್ದು, ಮೂವರು ಪಾಲುದಾರರು ತಲಾ 400 ಗಂಟೆ ಕೃಷಿ ಕೆಲಸ ಅಥವಾ ಉಸ್ತುವಾರಿ ಮಾಡಿದ್ದರೆ 7.5 ಲಕ್ಷದವರೆಗೆ. ಒಂದೇ ಹೊಲ, ಒಂದೇ ಕುಟುಂಬ, ಆದರೆ ಕಾಗದದ ಮೇಲೆ ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ಮಿತಿ ಮೂರು ಪಟ್ಟಾಗುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಎರಡನೇ ಸುತ್ತು ಬಂತು, 1,400 ಕೋಟಿ ಡಾಲರ್‌ವರೆಗೆ. ಈ ಸಲ ಹಂದಿಗೆ ತಲಾ 23, ಮಾಂಸದ ದನಕ್ಕೆ 55. ಮೆಕ್ಕೆಜೋಳಕ್ಕೆ ಕಣಜದ ಲೆಕ್ಕ ಬಿಟ್ಟು ಎಕರೆ ಲೆಕ್ಕಕ್ಕೆ ಬಂದರು: ಎಕರೆ ಇಳುವರಿಯ ಶೇ 40ಕ್ಕೆ ಬುಷೆಲ್‌ಗೆ 58 ಸೆಂಟ್, ಏನೇ ಆದರೂ ಎಕರೆಗೆ 15 ಡಾಲರ್‌ಗೆ ಕಮ್ಮಿ ಇಲ್ಲ. ನಮ್ಮ 500 ಎಕರೆಯವರಿಗೆ ಇದು 23,200 ಡಾಲರ್. ಕಣಜ ಖಾಲಿಯಿದ್ದ ಪಕ್ಕದ ಹೊಲದವರಿಗೂ ಅಷ್ಟೇ. ತರಕಾರಿ, ಹಣ್ಣು ಬೆಳೆಯುವವರಿಗೆ 2019ರ ಮಾರಾಟದ ಮೇಲೆ ಶೇಕಡಾವಾರು ಕೊಟ್ಟರು, ಸಣ್ಣ ಮಾರಾಟಕ್ಕೆ ಶೇ 10.6. ಸಣ್ಣವರಿಗೆ ಇದು ಮೊದಲ ಸುತ್ತಿಗಿಂತ ಎಷ್ಟೋ ಸುಲಭವಾಗಿತ್ತು.

ಡಿಸೆಂಬರ್ 27ರಂದು ಹೊಸ ಕಾಯ್ದೆಯಾಗಿ, ಮೆಕ್ಕೆಜೋಳದಂಥ ಬೆಳೆಗಳಿಗೆ ಎಕರೆಗೆ ಇನ್ನೂ 20 ಡಾಲರ್ ಸೇರಿತು. ಅಂದರೆ ಅದೇ 500 ಎಕರೆಗೆ ಮತ್ತೆ 10,000. ಜನವರಿಯಲ್ಲಿ ಸರ್ಕಾರ ಬದಲಾಯಿತು, ಹೊಸಬರು ಪಾವತಿ ತಡೆಹಿಡಿದು ಮಾರ್ಚ್‌ನಲ್ಲಿ ಮತ್ತೆ ಬಿಟ್ಟರು. ಅಷ್ಟರಲ್ಲಿ ಚೀನಾ ಜೋರಾಗಿ ಖರೀದಿ ಮಾಡಿ ಜೋಳದ ಬೆಲೆ ಬುಷೆಲ್‌ಗೆ 5 ಡಾಲರ್ ದಾಟಿತ್ತು. ಬೆಲೆ ಬಿದ್ದದ್ದಕ್ಕೆ ಅಂತ ಶುರುವಾದ ಪರಿಹಾರ, ಬೆಲೆ ಏರಿದ ಮೇಲೂ ಬರುತ್ತಲೇ ಇತ್ತು. 2020ರಲ್ಲಿ ಎಲ್ಲ ಯೋಜನೆ ಸೇರಿ ಅಮೆರಿಕ ಸರ್ಕಾರ ರೈತರಿಗೆ ನೇರವಾಗಿ ಕೊಟ್ಟದ್ದು ಸುಮಾರು 4,600 ಕೋಟಿ ಡಾಲರ್. ಅಷ್ಟು ದುಡ್ಡು ಅದಕ್ಕೆ ಮುಂಚೆ ಒಂದು ವರ್ಷದಲ್ಲಿ ಯಾವತ್ತೂ ಹೋಗಿರಲಿಲ್ಲ.

ಅದೇ ಡಿಸೆಂಬರ್ ಕಾಯ್ದೆ ಇನ್ನೊಂದು ಬಾಗಿಲನ್ನೂ ತೆರೆಯಿತು. ಸಣ್ಣ ಉದ್ಯಮಗಳಿಗೆ ಸಂಬಳದ ಖರ್ಚಿಗೆ ಕೊಡುತ್ತಿದ್ದ ಪಿಪಿಪಿ ಸಾಲ ಮೊದಲು ನಿವ್ವಳ ಲಾಭದ ಮೇಲೆ ಲೆಕ್ಕವಾಗುತ್ತಿತ್ತು. ತೆರಿಗೆ ಪತ್ರದಲ್ಲಿ ನಷ್ಟ ತೋರಿಸಿದ ರೈತರಿಗೆ ಏನೂ ಸಿಗುತ್ತಿರಲಿಲ್ಲ. ಕಾಯ್ದೆ ಅದನ್ನು ಒಟ್ಟು ಆದಾಯದ ಮೇಲೆ ಅಂತ ಬದಲಿಸಿತು. ಒಬ್ಬರೇ ದುಡಿಯುವ ರೈತರಿಗೆ ಗರಿಷ್ಠ 20,833 ಡಾಲರ್. ಷರತ್ತು ಪಾಲಿಸಿದರೆ ಮರಳಿಸುವ ಅಗತ್ಯವಿಲ್ಲ. ಇದಕ್ಕೆ ಹಂದಿ ಯಾರದು ಅನ್ನುವ ಪ್ರಶ್ನೆ ಇರಲಿಲ್ಲ. ಕಾಂಟ್ರಾಕ್ಟ್ ಸಾಕಣೆಯವರೂ ಅರ್ಜಿ ಹಾಕಬಹುದಿತ್ತು.

ಕಾರ್ಖಾನೆಯಲ್ಲಿ ಸೋಂಕು ತಗುಲಿಸಿಕೊಂಡ ಕೆಲಸಗಾರರು ಸಿ-ಫ್ಯಾಪ್‌ನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಅವರಿಗೆ ಮತ್ತು ಕೃಷಿ ಕೂಲಿಗಳಿಗೆ ತಲಾ 600 ಡಾಲರ್‌ವರೆಗೆ ಕೊಡುವ ಯೋಜನೆ ಪ್ರಕಟವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಹೊಲದ ಒಡೆಯರಿಗೆ ಆರು ವಾರ ಸಾಕಾಯಿತು, ಕೂಲಿಯವರಿಗೆ ಒಂದೂವರೆ ವರ್ಷ ಬೇಕಾಯಿತು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

ಬಿಟ್ಟುಹೋದ ಇತರರಿಗೂ ಒಂದೊಂದಾಗಿ ತೇಪೆ ಹಾಕಿದ್ದು 2021ರಲ್ಲೇ. ಕಾರ್ಖಾನೆ ಮುಚ್ಚಿದ್ದರಿಂದ ಪ್ರಾಣಿಗಳನ್ನು ಕೊಲ್ಲಬೇಕಾಗಿ ಬಂದವರಿಗೆ ಜುಲೈನಲ್ಲಿ ಒಂದು ಯೋಜನೆ: ಮಾರುಕಟ್ಟೆ ಬೆಲೆಯ ಶೇ 80, ಜೊತೆಗೆ ಕೊಂದು ವಿಲೇವಾರಿ ಮಾಡಿದ ಖರ್ಚು. ಕಂಪನಿ ಜೊತೆ ಒಪ್ಪಂದವಿಲ್ಲದೆ ದಿನದ ಬೆಲೆಗೆ ಹಂದಿ ಮಾರಿದವರಿಗೆ ಡಿಸೆಂಬರ್‌ನಲ್ಲಿ ಇನ್ನೊಂದು: ತಲಾ 54 ಡಾಲರ್, 10,000 ಹಂದಿಯವರೆಗೆ. ಕಾರ್ಖಾನೆಗಳು ಮೊದಲು ಒಪ್ಪಂದದ ಹಂದಿಗಳನ್ನು ತೆಗೆದುಕೊಂಡು ಇವರನ್ನು ಕೊನೆಗೆ ನಿಲ್ಲಿಸಿದ್ದರಿಂದ ಇವರಿಗೆ ಆದ ಪೆಟ್ಟು ಎಲ್ಲರಿಗಿಂತ ಜೋರು.

ರಸ್ತೆಯ ಎರಡನೇ ಶೆಡ್‌ನವರಂಥ ಕಾಂಟ್ರಾಕ್ಟ್ ಸಾಕಣೆದಾರರ ಸರದಿ ಬಂದದ್ದು 2021ರ ಆಗಸ್ಟ್‌ನಲ್ಲಿ. ಡಿಸೆಂಬರ್ ಕಾಯ್ದೆ ಇವರಿಗಾಗಿ 100 ಕೋಟಿ ಡಾಲರ್‌ವರೆಗೆ ಎತ್ತಿಟ್ಟಿತ್ತು. ಕೋಳಿ, ಹಂದಿ, ಮೊಟ್ಟೆ ಎಲ್ಲ ಇದರಲ್ಲಿ ಸೇರಿದ್ದವು. ಈ ಸಲದ ಅರ್ಜಿ ಹಂದಿ ಎಷ್ಟು ಅಂತ ಕೇಳಲಿಲ್ಲ. 2018 ಅಥವಾ 2019ರಲ್ಲಿ ಕಾಂಟ್ರಾಕ್ಟ್‌ನಿಂದ ಎಷ್ಟು ಆದಾಯ ಬಂತು, 2020ರಲ್ಲಿ ಎಷ್ಟು ಬಂತು ಅಂತ ಕೇಳಿತು. ಕಮ್ಮಿಯಾದ ಮೊತ್ತದ ಶೇ 80ರವರೆಗೆ ಪರಿಹಾರ. ಅರ್ಜಿಗೆ ಕೊನೆಯ ದಿನ 2021ರ ಅಕ್ಟೋಬರ್ 12. ಎದುರಿನ ಶೆಡ್‌ನವರು ತಮ್ಮ ಮೊದಲ ಅರ್ಜಿ ಹಾಕಿ ಆಗಲೇ ಒಂದು ವರ್ಷ ದಾಟಿತ್ತು.